ದುಡಿದು ಬಂದ ಕ್ಯಾಮೆರಾಗಳು

ಹತ್ತಿರ ಹತ್ತಿರ ನೂರಿಪ್ಪತ್ತು ವರ್ಷಗಳ ಕಾಲ ಲೋಕದ ಚಲನಚಿತ್ರಗಳನ್ನೆಲ್ಲ ತನ್ನೊಳಗೆ ಹಾಯಿಸಿಕೊಂಡು ಹೊರತಂದ ಫಿಲ್ಮ್ ಕ್ಯಾಮೆರಾ ಎಂಬ ಯಂತ್ರವು, ಮ್ಯೂನಿಕ್ಕಿನ ಆರಿ, ಅಮೆರಿಕದ ಪ್ಯಾನಾವಿಷನ್, ಫ್ರಾನ್ಸಿನ ಆಟೋನ್ ಎಂಬ ಮೂರು ಪ್ರಖ್ಯಾತ ಕಾರ್ಖಾನೆಗಳು 2011ರ ಸುಮಾರಿಗೆ ಅದರ ತಯಾರಿಕೆಯನ್ನು ನಿಲ್ಲಿಸಿ ಡಿಜಿಟಲ್ ಕ್ಯಾಮೆರಾಗಳ ಕಡೆಗೆ ಸಂಪೂರ್ಣವಾಗಿ ತಿರುಗಿದಂದಿನಿಂದ, ಉಪಕರಣದ ಪದವಿಯನ್ನು ಕಳೆದುಕೊಂಡು ಪುರಾವಸ್ತುವಿನ ಪದವಿಯನ್ನು ಪಡೆಯಿತು. ಇದು ಏರಿಕೆಯೋ ಇಳಿಕೆಯೋ ಎಂಬುದು ನೋಡುವವರ ದೃಷ್ಟಿಗೆ ಬಿಟ್ಟ ಮಾತು. ನಿನ್ನೆಯವರೆಗೆ ದಿನಬಾಡಿಗೆಯ ಲೆಕ್ಕದಲ್ಲಿ ಸ್ಟುಡಿಯೋದಿಂದ ಸ್ಟುಡಿಯೋಗೆ, ಕಾಡಿನಿಂದ ಕಡಲತಡಿಗೆ ಅಲೆದಾಡುತ್ತಿದ್ದ ಯಂತ್ರಗಳು ಇಂದು ಕೆಲವು ಗಾಜಿನ ಬೀರುಗಳಲ್ಲಿ, ಹಲವು ಉಗ್ರಾಣಗಳ ಧೂಳಿನಲ್ಲಿ, ಮತ್ತೆ ಕೆಲವು ಗುಜರಿ ಅಂಗಡಿಯ ತಕ್ಕಡಿಯ ಮೇಲೆ ಕುಳಿತಿವೆ. ಇಂಥವನ್ನು ಹುಡುಕಿ, ಕೊಂಡು, ಒರಸಿ, ಓಡಿಸಿ ನೋಡಿ ಸಂತೋಷಪಡುವ ಸಂಗ್ರಾಹಕರು ಯುರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ಇದ್ದಾರೆ. ನಮ್ಮಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು ತಲೆದೋರುತ್ತಿದ್ದಾರೆ.

ನಾಣ್ಯವನ್ನಾಗಲಿ ಅಂಚೆಚೀಟಿಯನ್ನಾಗಲಿ ಸಂಗ್ರಹಿಸುವಾತನು ಬಳಕೆಯ ಕಲೆ ತಗುಲದ ಪ್ರತಿಗೆ ಹೆಚ್ಚಿನ ಬೆಲೆಯನ್ನು ಕೊಡುವುದು ನ್ಯಾಯವೇ ಸರಿ. ಸ್ಥಿರಚಿತ್ರದ ಕ್ಯಾಮೆರಾಗಳನ್ನು ಕೂಡಿಡುವವರೂ ಈ ಅಳತೆಗೋಲನ್ನೇ ಹಿಡಿದು, ಪೆಟ್ಟಿಗೆಯಿಂದ ಈಗ ತಾನೆ ಹೊರಬಂದಂತಿರುವುದಕ್ಕಾಗಿ ಹಾತೊರೆಯುವುದುಂಟು. ಆದರೆ ಸಿನಿಮಾ ಕ್ಯಾಮೆರಾದ ವಿಷಯದಲ್ಲಿ ಈ ಅಭಿರುಚಿ ಸಲ್ಲದೆಂದೇ ನನ್ನ ಎಣಿಕೆ. ವೃತ್ತಿಪರ ಕ್ಯಾಮೆರಾವೊಂದು ಮೂವತ್ತು ನಲವತ್ತು ವರ್ಷ ದುಡಿದದ್ದು ಅಪರೂಪವಲ್ಲ. ಮೂಕಿಚಿತ್ರಕ್ಕೆಂದು ಹುಟ್ಟಿದ್ದು ಟಾಕಿಯ ಕಾಲಕ್ಕೆ ಮೋಟಾರನ್ನು ತಗುಲಿಸಿಕೊಂಡು, ಮುಪ್ಪಿನಲ್ಲಿ ಟ್ರಿಕ್ ಚಿತ್ರಗಳ ಮೇಜಿಗೆ ಏರಿ, ತನ್ನ ಮೈಮೇಲೆ ಒಬ್ಬೊಬ್ಬ ಯಜಮಾನನ ಕಾಲದ ಒಂದೊಂದು ರಂಧ್ರವನ್ನೂ ತೇಪೆಯನ್ನೂ ಕೆತ್ತಿದ ಅಂಕೆಯನ್ನೂ ಉಳಿಸಿಕೊಂಡು ನಮ್ಮ ಕೈಗೆ ಬರುತ್ತದೆ. ಈ ಗುರುತುಗಳನ್ನು ಓದಬಲ್ಲವನಿಗೆ ಅದು ಒಂದು ದುಡಿಮೆಯ ಚರಿತ್ರೆ. ಓದಲಾರದೆ ಅವನ್ನು ಅರದಿಂದ ಉಜ್ಜಿ ಬಣ್ಣ ಬಳಿಯುವವನಿಗೆ ಕೇವಲ ಮೇಜಿನ ಅಲಂಕಾರ.

ಓದುವುದಕ್ಕೆ ಮೊದಲು ಯಂತ್ರದ ಕೆಲಸವನ್ನು ತಿಳಿಯಬೇಕಷ್ಟೆ. ಚಲನಚಿತ್ರದ ಕ್ಯಾಮೆರಾದಲ್ಲಿ ಫಿಲ್ಮು ಎಡೆಬಿಡದೆ ಓಡುತ್ತದೆಂದು ಬಹುಮಂದಿ ನಂಬಿದ್ದಾರೆ. ವಾಸ್ತವವಾಗಿ ಅದು ನಿಂತು ನಿಂತು ನಡೆಯುತ್ತದೆ. ಲೆನ್ಸಿನ ಹಿಂದೆ ಗೇಟ್ ಎಂದು ಕರೆಯುವ ಚೌಕಟ್ಟಿನಲ್ಲಿ ಫಿಲ್ಮು ಒಂದು ಕ್ಷಣ ನಿಶ್ಚಲವಾಗಿ ನಿಲ್ಲಬೇಕು. ಆಗ ತಿರುಗುವ ಶಟರ್ ತೆರೆದು ಬೆಳಕನ್ನು ಬಿಡಬೇಕು. ಶಟರ್ ಮುಚ್ಚಿದ ಒಡನೆ ಕೊಕ್ಕೆಯೊಂದು ಫಿಲ್ಮಿನ ಅಂಚಿನ ರಂಧ್ರಗಳನ್ನು ಹೊಕ್ಕು ಅದನ್ನು ಒಂದು ಚಿತ್ರದಷ್ಟು ಕೆಳಕ್ಕೆ ಎಳೆದು ಹಿಂದೆ ಸರಿಯಬೇಕು. ಮತ್ತೆ ಫಿಲ್ಮು ನಿಲ್ಲಬೇಕು. ಟಾಕಿಗಳ ಕಾಲದಿಂದ ಈಚೆಗೆ ಇದು ಸೆಕೆಂಡಿಗೆ 24 ಸಲ ನಡೆಯುತ್ತದೆ. ಶಟರಿನ ತಟ್ಟೆ ಅರ್ಧವೃತ್ತದಷ್ಟು ತೆರೆದಿದ್ದರೆ ಒಂದೊಂದು ಚಿತ್ರಕ್ಕೂ ಬೆಳಕು ಬೀಳುವ ಅವಧಿ ಸೆಕೆಂಡಿನ 48ರಲ್ಲಿ ಒಂದು ಪಾಲು. ಬಟ್ಟೆಯನ್ನು ಸೂಜಿ ಮೇಲೆದ್ದಾಗ ಮುಂದಕ್ಕೆ ಸರಿಸಿ, ಸೂಜಿ ಚುಚ್ಚುವಾಗ ಹಿಡಿದು ನಿಲ್ಲಿಸುವ ಹೊಲಿಗೆಯಂತ್ರದಿಂದಲೇ ಲೂಯಿ ಲುಮಿಯೇರನಿಗೆ ಈ ಉಪಾಯ ಹೊಳೆಯಿತೆಂಬುದು ಪ್ರಸಿದ್ಧವಾದ ಸಂಗತಿ. ಸುರುಳಿಯಿಂದ ಸಮಗತಿಯಲ್ಲಿ ಬಿಚ್ಚಿಕೊಳ್ಳುವ ಫಿಲ್ಮಿಗೂ ಗೇಟಿನಲ್ಲಿ ನಿಂತು ನಡೆಯುವ ಫಿಲ್ಮಿಗೂ ಹೊಂದಿಕೆಯಾಗಲೆಂದು ಗೇಟಿನ ಮೇಲೂ ಕೆಳಗೂ ಒಂದೊಂದು ಸಡಿಲವಾದ ಬಾಗು ಬಿಟ್ಟಿರುತ್ತಾರೆ. ಲೂಪ್ ಎಂದು ಕರೆಯುವ ಈ ಬಾಗು ತುಸು ಕಿರಿದಾದರೂ ಫಿಲ್ಮಿನ ರಂಧ್ರಗಳು ಹರಿದು ಇಡೀ ದಿನದ ಕೆಲಸ ಕೆಡುತ್ತಿತ್ತು. ಕ್ಯಾಮೆರಾ ಅಸಿಸ್ಟೆಂಟನ ಬೆರಳುಗಳ ಅರ್ಧ ವಿದ್ಯೆ ಈ ಲೂಪಿನಲ್ಲಿಯೇ ಇತ್ತು.

ಈ ಸಂಪ್ರದಾಯದ ಮೂಲಪುರುಷರಲ್ಲಿ ಮೊದಲು ಸ್ಮರಿಸಬೇಕಾದವನು ಲೂಯಿ ಲೆ ಪ್ರಿನ್ಸ್. 1888ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಒಂದು ತೋಟದಲ್ಲಿ ಕೆಲವೇ ಕ್ಷಣಗಳ ಚಲಿಸುವ ಚಿತ್ರವನ್ನು ಹಿಡಿದ ಈತನು, 1890ರಲ್ಲಿ ಫ್ರಾನ್ಸಿನ ದಿಜೋನಿನಲ್ಲಿ ರೈಲು ಹತ್ತಿದ ಮೇಲೆ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಮರದ ಕ್ಯಾಮೆರಾ ಮಾತ್ರ ಉಳಿದು ಇಂದು ಬ್ರಾಡ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದೆ. ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತನು 35 ಮಿಲಿಮೀಟರ್ ಅಗಲದ ಫಿಲ್ಮಿನ ಎರಡು ಅಂಚುಗಳಲ್ಲಿಯೂ ಚಿತ್ರವೊಂದಕ್ಕೆ ನಾಲ್ಕು ನಾಲ್ಕು ರಂಧ್ರಗಳ ಕ್ರಮವನ್ನು ನಿಶ್ಚಯಿಸಿದನು. ಯಂತ್ರಗಳ ಲೋಕದಲ್ಲಿ ಇಷ್ಟು ದೀರ್ಘಾಯುಷ್ಯವನ್ನು ಪಡೆದ ನಿಯಮ ಮತ್ತೊಂದಿರುವುದು ವಿರಳ. 1912ರ ಕ್ಯಾಮೆರಾದಲ್ಲಿ ಇಂದಿನ ಫಿಲ್ಮನ್ನು ಏರಿಸಿ ಓಡಿಸಲು ಸಾಧ್ಯವಾಗಿರುವುದು ಈ ಒಂದು ನಿಶ್ಚಯದಿಂದ. 1895ರಲ್ಲಿ ಲುಮಿಯೇರ್ ಸೋದರರು ಪೇಟೆಂಟ್ ಪಡೆದ ಸಿನಿಮಾಟೋಗ್ರಾಫ್ ಈ ಪಂಕ್ತಿಗೆ ಸೇರದು. ಚಿತ್ರ ತೆಗೆಯುವ, ಪ್ರತಿ ಮಾಡುವ, ಪರದೆಯ ಮೇಲೆ ತೋರಿಸುವ ಮೂರು ಕಾರ್ಯಗಳನ್ನೂ ಒಂದೇ ಪುಟ್ಟ ಮರದ ಪೆಟ್ಟಿಗೆಯಲ್ಲಿ ಅಡಕಗೊಳಿಸಿದ್ದ ಆ ಅದ್ಭುತ ಯಂತ್ರವು ಚಿತ್ರದ ಎರಡು ಪಕ್ಕಗಳಲ್ಲಿ ಒಂದೊಂದೇ ದುಂಡು ರಂಧ್ರವಿರುವ ಫಿಲ್ಮನ್ನು ಬೇಡುತ್ತಿದ್ದುದರಿಂದ, ಅದನ್ನು ಇಂದು ಪಡೆದವನು ಕೈಮುಗಿಯಬಹುದಲ್ಲದೆ ಸುಲಭವಾಗಿ ಓಡಿಸಲಾರನು.

1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲುಮಿಯೇರರ ಪ್ರದರ್ಶನ ನಡೆದ ಕೆಲವೇ ವರ್ಷಗಳಲ್ಲಿ, ಅದೇ ನಗರದ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಇಂಗ್ಲೆಂಡಿನಿಂದ ಒಂದು ಕ್ಯಾಮೆರಾವನ್ನು ತರಿಸಿಕೊಂಡು ಹ್ಯಾಂಗಿಂಗ್ ಗಾರ್ಡನ್ನಿನ ಕುಸ್ತಿಯೊಂದನ್ನು ಚಿತ್ರಿಸಿದರು. ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಲಂಡನ್ನಿಗೆ ಹೋಗಿ ಕೊಂಡು ತಂದದ್ದು ವಿಲಿಯಂಸನ್ ಕ್ಯಾಮೆರಾ. ಅವರು ಅದನ್ನು ಮೊದಲು ಪರೀಕ್ಷಿಸಿದ ರೀತಿ ಗಮನಿಸತಕ್ಕದ್ದು: ಬಟಾಣಿಯ ಗಿಡವೊಂದು ಮೊಳೆತು ಬೆಳೆಯುವುದನ್ನು ಬಿಟ್ಟು ಬಿಟ್ಟು ಒಂದೊಂದೇ ಚಿತ್ರವಾಗಿ ತೆಗೆದು, ಬಹುದಿನಗಳ ಬೆಳವಣಿಗೆಯನ್ನು ಕ್ಷಣಗಳಲ್ಲಿ ಓಡಿಸಿ ತೋರಿಸಿದರು. ಕೈಯಿಂದ ತಿರುಗಿಸುವ ಯಂತ್ರವಾದುದರಿಂದಲೇ ಇಂಥ ಸ್ವಾತಂತ್ರ್ಯವಿತ್ತು. ‘ರಾಜಾ ಹರಿಶ್ಚಂದ್ರ’ಕ್ಕಾಗಿ ಆ ಹಿಡಿಯನ್ನು ತಿರುಗಿಸಿದವರು ತ್ರ್ಯಂಬಕ ತೆಲಂಗ್, ಅವರಿಗೆ ಆ ವಿದ್ಯೆಯನ್ನು ಕಲಿಸಿದವರೂ ಫಾಲ್ಕೆಯವರೇ.

ಹಿಡಿ ತಿರುಗಿಸುವುದು ಸಾಮಾನ್ಯವಾದ ಕೈಗೆಲಸವಲ್ಲ. ಒಂದು ಸುತ್ತಿಗೆ ಎಂಟು ಚಿತ್ರ, ಸೆಕೆಂಡಿಗೆ ಎರಡು ಸುತ್ತು, ಹಾಗಾಗಿ 16 ಚಿತ್ರ ಎಂಬುದು ಲೆಕ್ಕವಾದರೂ, ಮಳೆ ಗಾಳಿ ಜನಸಂದಣಿಗಳ ನಡುವೆ, ಎದುರಿನ ನಟನು ಅಳುತ್ತಿರಲಿ ಕುದುರೆ ಓಡಿಬರುತ್ತಿರಲಿ, ಕೈಯ ಲಯ ಕದಲದಂತೆ ತಿರುಗಿಸುವುದಕ್ಕಾಗಿ ಅನೇಕ ಕ್ಯಾಮೆರಾಮನ್ನರು ಮನಸ್ಸಿನಲ್ಲಿಯೇ ಹಾಡೊಂದನ್ನು ಗುನುಗಿಕೊಳ್ಳುತ್ತಿದ್ದರು. ಬೇಕೆಂದೇ ನಿಧಾನವಾಗಿ ತಿರುಗಿಸಿದರೆ ಪರದೆಯ ಮೇಲೆ ಓಟ ವೇಗವಾಗುತ್ತಿತ್ತು. ಹಾಸ್ಯಚಿತ್ರಗಳ ಬೆನ್ನಟ್ಟುವ ದೃಶ್ಯಗಳೆಲ್ಲ ಈ ಕೈಚಳಕದ ಫಲ. ಪ್ಯಾರಿಸಿನ ಪಾತೆ ಸೋದರರ, ತೊಗಲು ಹೊದಿಸಿದ ಮರದ ಕ್ಯಾಮೆರಾವೂ, ಅದೇ ನಗರದಲ್ಲಿ 1908ರಲ್ಲಿ ಜನಿಸಿದ ದೆಬ್ರಿ ಕುಟುಂಬದ ಪಾರ್ವೊ ಕ್ಯಾಮೆರಾವೂ ಈ ಯುಗದ ಎರಡು ರತ್ನಗಳು. ಪಾರ್ವೊ 120 ಮೀಟರ್ ಫಿಲ್ಮನ್ನು ತನ್ನ ಮೈಯೊಳಗೇ ಅಡಗಿಸಿಕೊಂಡ ಚೊಕ್ಕವಾದ ಪೆಟ್ಟಿಗೆ. ನಿರ್ದೇಶಕ ಐಸೆನ್‌ಸ್ಟೈನನ ಛಾಯಾಗ್ರಾಹಕ ಎಡ್ವರ್ಡ್ ಟಿಸ್ಸೆಯಂಥವರು ಅದನ್ನು ಆರಿಸಿಕೊಂಡದ್ದು ಆಶ್ಚರ್ಯವಲ್ಲ.

ಮರದಿಂದ ಲೋಹಕ್ಕೆ ಹೊರಳಿದ ಘಟ್ಟವನ್ನು ಗುರುತಿಸುವ ಕ್ಯಾಮೆರಾ ಷಿಕಾಗೋದ ಬೆಲ್ ಅಂಡ್ ಹೋವೆಲ್ ಕಂಪನಿಯು 1912ರಲ್ಲಿ ಹೊರತಂದ 2709 ಎಂಬ ಮಾದರಿ. ಇದರ ಹುಟ್ಟಿನ ಬಗೆಗೆ ಸಂಗ್ರಾಹಕರಲ್ಲಿ ಒಂದು ಕಥೆ ಪ್ರಚಲಿತವಾಗಿದೆ: ಮಾರ್ಟಿನ್ ಮತ್ತು ಓಸಾ ಜಾನ್ಸನ್ ಎಂಬ ಸಾಹಸಿ ದಂಪತಿಗಳು ಆಫ್ರಿಕಕ್ಕೆ ಕೊಂಡೊಯ್ದಿದ್ದ ಮರದ ಕ್ಯಾಮೆರಾವನ್ನು ಗೆದ್ದಲು ತಿಂದುಹಾಕಿತೆಂದೂ, ಅದನ್ನು ಕೇಳಿ ಕಂಪನಿಯವರು ಲೋಹದ ಕ್ಯಾಮೆರಾವನ್ನು ನಿರ್ಮಿಸಿದರೆಂದೂ. ಕಥೆ ಸೊಗಸಾಗಿದೆ, ಆದರೆ ಆ ದಂಪತಿಗಳು ಆಫ್ರಿಕದ ನೆಲವನ್ನು ಮೊದಲು ಮೆಟ್ಟಿದ್ದು 1921ರಲ್ಲಿ, ಕ್ಯಾಮೆರಾ ಹುಟ್ಟಿ ಒಂಬತ್ತು ವರ್ಷಗಳಾದ ಮೇಲೆ. ಹಳೆಯ ವಸ್ತುಗಳನ್ನು ಮಾರುವವರ ಬಾಯಲ್ಲಿ ಇಂಥ ಕಥೆಗಳು ಹೇರಳವಾಗಿ ಹುಟ್ಟುತ್ತವಾದುದರಿಂದ, ಇಸವಿಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡುವ ಅಭ್ಯಾಸ ಕೊಳ್ಳುವವನಿಗೆ ಅತ್ಯಾವಶ್ಯಕ.

ಗೆದ್ದಲಿನ ಕಥೆಗಿಂತ 2709ರ ಯಂತ್ರರಚನೆಯೇ ಹೆಚ್ಚು ಸ್ವಾರಸ್ಯವಾಗಿದೆ. ಇದರ ಗೇಟಿನಲ್ಲಿ ಚಲಿಸದ ಎರಡು ಮೊಳೆಗಳಿವೆ. ಒಂದು ಸಣ್ಣ ತಗಡು ಫಿಲ್ಮನ್ನು ಆ ಮೊಳೆಗಳಿಂದ ಎತ್ತಿ, ಒಂದು ಚಿತ್ರದಷ್ಟು ಸರಿಸಿ, ಮತ್ತೆ ಅದೇ ಮೊಳೆಗಳ ಮೇಲೆ ಕೂರಿಸುತ್ತದೆ. ಮೊಳೆ ಕದಲದಿದ್ದ ಮೇಲೆ ಚಿತ್ರವೂ ಕದಲದು. ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಎರಡನೆಯ ಸಲ ಬೆಳಕಿಗೆ ಒಡ್ಡಿದರೂ ಒಂದರ ಮೇಲೊಂದು ಬಿಂಬವು ಕೂದಲೆಳೆಯಷ್ಟೂ ಅತ್ತಿತ್ತ ಸರಿಯದೆ ಕೂರುತ್ತದೆ. ಚಾರ್ಲಿ ಚಾಪ್ಲಿನ್ ತನ್ನ ಸ್ಟುಡಿಯೋಕ್ಕೆಂದು 1918ರಲ್ಲಿ ಕೊಂಡದ್ದು ಈ ಮಾದರಿಯನ್ನೇ. ಟಾಕಿ ಬಂದಾಗ ಇದರ ಗದ್ದಲವನ್ನು ಮೈಕ್ರೊಫೋನ್ ಸಹಿಸದೆ ಹೋದುದರಿಂದ ನಟನಟಿಯರ ಎದುರಿನಿಂದ ಇದು ನಿವೃತ್ತಿ ಹೊಂದಿತಾದರೂ, ಆ ಸ್ಥಿರತೆಯ ಗುಣಕ್ಕಾಗಿ ಕಾರ್ಟೂನು ಚಿತ್ರಗಳ ಮೇಜಿನ ಮೇಲೂ ಟ್ರಿಕ್ ಚಿತ್ರಗಳ ಮುದ್ರಣಯಂತ್ರಗಳಲ್ಲಿಯೂ ಮುಂದೆ ಹಲವು ದಶಕಗಳ ಕಾಲ ದುಡಿಯಿತು. ಆ ಕೆಲಸಕ್ಕೆಂದು ಅದರ ಹಿಡಿಯನ್ನು ತೆಗೆದು ಮೋಟಾರನ್ನು ಜೋಡಿಸಿದರು, ಮುಂದಿನ ನಾಲ್ಕು ಲೆನ್ಸುಗಳ ತಿರುಗುತಟ್ಟೆಯನ್ನು ಕಳಚಿದರು, ಬದಿಯಲ್ಲಿ ಹೊಸ ರಂಧ್ರಗಳನ್ನು ಕೊರೆದರು. ಆದಕಾರಣ ಇಂದು ಮಾರುಕಟ್ಟೆಗೆ ಬರುವ 2709ಗಳಲ್ಲಿ ಹುಟ್ಟಿದಂತೆಯೇ ಉಳಿದಿರುವುದು ಅಪೂರ್ವ. ಅಂಥದನ್ನು ‘ಮೂಲರೂಪಕ್ಕೆ ತರುತ್ತೇನೆ’ ಎಂದು ಹೊರಟು, ಮೋಟಾರನ್ನು ಕಿತ್ತೊಗೆದು, ಬೇರೊಂದು ಕ್ಯಾಮೆರಾದಿಂದ ಕದ್ದ ತಟ್ಟೆಯನ್ನು ತಗುಲಿಸಿ, ರಂಧ್ರಗಳನ್ನು ಮುಚ್ಚಿ ಕಪ್ಪು ಬಣ್ಣ ಬಳಿಯುವವರ ಉತ್ಸಾಹವನ್ನು ನಾನು ಮೆಚ್ಚಲಾರೆ. ಹತ್ತು ವರ್ಷದ ಮೂಕಿಚಿತ್ರದ ಚರಿತ್ರೆಗಾಗಿ ನಲವತ್ತು ವರ್ಷದ ಟ್ರಿಕ್ ಚಿತ್ರದ ಚರಿತ್ರೆಯನ್ನು ಅಳಿಸುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು?

ಮಿಚೆಲ್ ಕಂಪನಿಯ ಕ್ಯಾಮೆರಾ 1920ರಲ್ಲಿ ಬಂದು ಹಾಲಿವುಡ್ಡಿನ ಸಿಂಹಾಸನವನ್ನು ಏರಿತು. ಲೆನ್ಸು ನಿಂತಲ್ಲೇ ನಿಂತಿರುವಾಗ ಕ್ಯಾಮೆರಾದ ಒಡಲನ್ನು ಪಕ್ಕಕ್ಕೆ ಸರಿಸಿ, ಅದರ ಸ್ಥಾನಕ್ಕೆ ನೋಡುಗೊಳವೆಯನ್ನು ತಂದು, ದೃಶ್ಯವನ್ನು ಹೊಂದಿಸಿಕೊಂಡ ಮೇಲೆ ಮತ್ತೆ ಒಡಲನ್ನು ಸ್ವಸ್ಥಾನಕ್ಕೆ ತರುವ ಅದರ ಏರ್ಪಾಡು ನೋಡಲು ವಿಚಿತ್ರವಾದರೂ ನಿಖರವಾಗಿತ್ತು. ಟಾಕಿಯ ಮೊದಲ ದಿನಗಳಲ್ಲಿ ಕ್ಯಾಮೆರಾವನ್ನೂ ಕ್ಯಾಮೆರಾಮನ್ನನನ್ನೂ ಕೂಡಿಯೇ ಗಾಳಿಯಾಡದ ಕೋಣೆಯೊಂದರಲ್ಲಿ ಮುಚ್ಚಿಡುತ್ತಿದ್ದರು. ಸದ್ದನ್ನು ತನ್ನೊಳಗೇ ಅಡಗಿಸಿಕೊಂಡ ಮಿಚೆಲ್ ಬಿಎನ್‌ಸಿ 1934ರಲ್ಲಿ ಸಿದ್ಧವಾಗಿ ಇಂಥ ಸೆರೆಯ ಅಗತ್ಯವೇ ಇಲ್ಲದಂತೆ ಮಾಡಿತು. ಅದರ ಎರಡನೆಯ ಕ್ರಮಸಂಖ್ಯೆಯ ಯಂತ್ರದಿಂದಲೇ ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ‘ಸಿಟಿಜನ್ ಕೇನ್’ ಚಿತ್ರವನ್ನು ತೆಗೆದನು.

ಸ್ಟುಡಿಯೋದ ಭಾರವಾದ ರಾಜರನ್ನು ಬಿಟ್ಟು, ಬಯಲಿನಲ್ಲಿ ದುಡಿದ ಹಗುರವಾದ ಕ್ಯಾಮೆರಾಗಳತ್ತ ನೋಡಿದರೆ ಮಾನವನ ಉಪಾಯಶೀಲತೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕೆ ಕಾಡುಪ್ರಾಣಿಗಳ ಚರ್ಮವನ್ನು ತುಂಬಿ ನಿಲ್ಲಿಸುತ್ತಿದ್ದ ಕಾರ್ಲ್ ಏಕ್ಲಿ, ಓಡುವ ಮೃಗವನ್ನು ಹಿಂಬಾಲಿಸಿ ನುಣುಪಾಗಿ ತಿರುಗಬಲ್ಲ ದುಂಡು ಡಬ್ಬಿಯ ಕ್ಯಾಮೆರಾವೊಂದನ್ನು ತಾನೇ ಕಲ್ಪಿಸಿ 1915ರಲ್ಲಿ ಪೇಟೆಂಟ್ ಪಡೆದನು. ‘ನಾನೂಕ್ ಆಫ್ ದಿ ನಾರ್ತ್’ ಚಿತ್ರಕ್ಕಾಗಿ ನಿರ್ದೇಶಕ ಫ್ಲಾಹರ್ಟಿ ಹಿಮದ ನಾಡಿಗೆ ಒಯ್ದದ್ದು ಇದನ್ನೇ. ಪೋಲೆಂಡಿನ ಪ್ರೊಶಿನ್ಸ್ಕಿಯ ಏರೋಸ್ಕೋಪ್ ಪಂಪಿನಿಂದ ತುಂಬಿದ ಗಾಳಿಯ ಒತ್ತಡದಿಂದಲೇ ಓಡುತ್ತಿತ್ತು. 1925ರ ಐಮೋ ಗಡಿಯಾರದಂತೆ ಕೀ ಕೊಟ್ಟರೆ ಓಡುವ 35 ಮಿಲಿಮೀಟರ್ ಕ್ಯಾಮೆರಾ. ಅದರ 100 ಅಡಿಯ ಸುರುಳಿ ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು ಕಾಲ ಸಾಲುತ್ತಿತ್ತು. ವಾರ್ತಾಚಿತ್ರಕಾರರ, ಎರಡನೆಯ ಮಹಾಯುದ್ಧದ ರಣರಂಗಗಳ ಸಂಗಾತಿಯಾಗಿದ್ದ ಐಮೋಗಳ ಮೈಯಲ್ಲಿ ತರಚು ಇಲ್ಲದಿದ್ದರೆ ಸಂದೇಹಪಡುವುದೇ ಉಚಿತ.

ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ಕೊರತೆ ಸಮಾನವಾಗಿತ್ತು: ಚಿತ್ರ ಓಡುತ್ತಿರುವಾಗ ಕ್ಯಾಮೆರಾಮನ್ನನು ಬದಿಯ ಬೇರೊಂದು ಕಿಂಡಿಯಿಂದ ನೋಡಬೇಕಾಗಿದ್ದಿತಲ್ಲದೆ ಲೆನ್ಸು ಕಾಣುವುದನ್ನೇ ತಾನೂ ಕಾಣಲಾರದವನಾಗಿದ್ದನು. 1937ರಲ್ಲಿ ಮ್ಯೂನಿಕ್ಕಿನ ಆರ್ನಾಲ್ಡ್ ಅಂಡ್ ರಿಕ್ಟರ್, ಅಂದರೆ ಆರಿ, ಕಂಪನಿಯ ಎರಿಕ್ ಕೆಸ್ಟ್ನರ್ ಮೊದಲಾದವರು, ತಿರುಗುವ ಶಟರನ್ನೇ ಓರೆಯಾಗಿಟ್ಟ ಕನ್ನಡಿಯನ್ನಾಗಿ ಮಾಡಿ, ಶಟರ್ ಮುಚ್ಚಿದ ಅರ್ಧಕ್ಷಣದ ಬೆಳಕನ್ನು ಕಣ್ಣಿನತ್ತ ತಿರುಗಿಸಿದರು. ಯುದ್ಧಕಾಲದಲ್ಲಿ ಜರ್ಮನರಿಂದ ವಶಪಡಿಸಿಕೊಂಡ, ಆರಿಫ್ಲೆಕ್ಸ್ ಎಂಬ ಈ ಕ್ಯಾಮೆರಾಗಳು ಅಮೆರಿಕನ್ನರ ಕಣ್ಣು ತೆರೆಸಿದವು. ಫ್ಲಾಹರ್ಟಿಯ 1948ರ ‘ಲೂಯಿಸಿಯಾನಾ ಸ್ಟೋರಿ’ ಈ ಕ್ಯಾಮೆರಾದ ಕೆಲಸ. ಅದರ ಮುಂದಿನ ಪೀಳಿಗೆಯ ಟೂಸಿ ಮಾದರಿಯನ್ನು ಕಂಡರಿಯದ ಹಳಬ ಕ್ಯಾಮೆರಾಮನ್ನರು ನಮ್ಮ ದೇಶದಲ್ಲಿ ಇರಲಾರರು. ನಮ್ಮವರು ಬಳಸಿದ ಕ್ಯಾಮೆರಾವನ್ನೇ ಸಂಗ್ರಹಿಸಬೇಕೆನ್ನುವವನು ಬೇರೆಲ್ಲವನ್ನೂ ಬಿಟ್ಟು ಇದರಿಂದಲೇ ಪ್ರಾರಂಭಿಸುವುದು ಮೇಲು.

ಸಾಧಾರಣ ವರಮಾನದವರಿಗೆ ಸುಗಮವಾದ ದಾರಿಯೆಂದರೆ ಹವ್ಯಾಸಿಗಳ ಕಿರಿಯ ಕ್ಯಾಮೆರಾಗಳು. 1922ರ ಪಾತೆ ಬೇಬಿ ಪದ್ಧತಿ, ಚಿತ್ರಚಿತ್ರದ ನಡುವೆ ಮಧ್ಯದಲ್ಲೊಂದು ರಂಧ್ರವಿರುವ ಒಂಬತ್ತೂವರೆ ಮಿಲಿಮೀಟರ್ ಫಿಲ್ಮನ್ನು ಬಳಸಿತು. 1923ರಲ್ಲಿ ಕೊಡಕ್ ಕಂಪನಿ 16 ಮಿಲಿಮೀಟರನ್ನು, 1932ರಲ್ಲಿ 8 ಮಿಲಿಮೀಟರನ್ನು, 1965ರಲ್ಲಿ ಸೂಪರ್ 8ನ್ನು ತಂದಿತು. 8 ಮಿಲಿಮೀಟರಿನ ಜಾಣತನ ಮನೋಹರವಾದದ್ದು: 16 ಮಿಲಿಮೀಟರ್ ಅಗಲದ 25 ಅಡಿ ಫಿಲ್ಮನ್ನು ಒಂದು ಅಂಚಿನಲ್ಲಿ ಓಡಿಸಿ, ಸುರುಳಿಯನ್ನು ಮಗುಚಿ ಮತ್ತೊಂದು ಅಂಚಿನಲ್ಲಿಯೂ ಓಡಿಸಿ, ಸಂಸ್ಕರಣದ ತರುವಾಯ ಉದ್ದಕ್ಕೆ ಸೀಳಿ 50 ಅಡಿಯಾಗಿ ಜೋಡಿಸುತ್ತಿದ್ದರು. ಸಂಗೀತಪೆಟ್ಟಿಗೆ, ಗ್ರಾಮಫೋನು, ಬೆರಳಚ್ಚುಯಂತ್ರಗಳನ್ನು ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ಪಯಾರ್ ಕಂಪನಿಯು 1935ರಲ್ಲಿ ಹೊರತಂದ ಬೋಲೆಕ್ಸ್ ಎಚ್ 16 ಈ ವರ್ಗದ ಶಿರೋಮಣಿ. ಒಂದು ಸಲ ಕೀ ಕೊಟ್ಟರೆ ಅರೆನಿಮಿಷದಷ್ಟು ಓಡುವ ಅದರ ಸ್ಪ್ರಿಂಗು, ಚೆನ್ನಾಗಿ ನೋಡಿಕೊಂಡಿದ್ದರೆ ಇಂದಿಗೂ ಸೋಲುವುದಿಲ್ಲ.

ಕ್ಯಾಮೆರಾದ ಮೌಲ್ಯ ಅದರ ಮಾದರಿಗಿಂತ ಅದು ಏನನ್ನು ಕಂಡಿತೆಂಬುದರಲ್ಲಿ ಅಡಗಿರುವುದಕ್ಕೆ ಈ ಕಿರಿಯ ವರ್ಗದಲ್ಲಿಯೇ ಒಂದು ಭಯಂಕರವಾದ ನಿದರ್ಶನವಿದೆ. ಬೆಲ್ ಅಂಡ್ ಹೋವೆಲ್ ಕಂಪನಿಯ 414 ಪಿಡಿ ಎಂಬ 8 ಮಿಲಿಮೀಟರ್ ಕ್ಯಾಮೆರಾ ಅಪರೂಪದ್ದೇನೂ ಅಲ್ಲ. ಆದರೆ 1963ರ ನವೆಂಬರ್ 22ರಂದು ಡಲ್ಲಸ್ ನಗರದಲ್ಲಿ ಬಟ್ಟೆಯ ಉದ್ಯಮಿ ಏಬ್ರಹಾಂ ಜಪ್ರೂಡರ್ ತನ್ನ ಕೈಯಲ್ಲಿದ್ದ ಅದೇ ಮಾದರಿಯ ಯಂತ್ರದಿಂದ ಅಧ್ಯಕ್ಷ ಕೆನಡಿಯವರ ಹತ್ಯೆಯನ್ನು ಸುಮಾರು 26 ಸೆಕೆಂಡುಗಳ ಕಾಲ ಹಿಡಿದುದರಿಂದ, ಅದೊಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಸ್ವತ್ತಾಗಿದೆ.

ಕ್ಯಾಮೆರಾವನ್ನು ಕೊಳ್ಳುವ ಮುನ್ನ ಪರೀಕ್ಷಿಸಬೇಕಾದ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಒಳಗೆ ಹಳೆಯ ಫಿಲ್ಮು ಉಳಿದಿದೆಯೇ ಎಂಬುದು ಮೊದಲ ಪ್ರಶ್ನೆ. ಫಿಲ್ಮಿನ ಅಡಿಗಳನ್ನು ತೋರಿಸುವ ಮುಳ್ಳು ನಡುವೆ ನಿಂತಿದ್ದರೆ ಬೆಳಕಿನಲ್ಲಿ ಮುಚ್ಚಳವನ್ನು ತೆರೆಯಲೇಬಾರದು. ಯಾರ ಮದುವೆಯೋ, ಯಾವ ಜಾತ್ರೆಯೋ ಅದರಲ್ಲಿ ಅಡಗಿರಬಹುದು. ಕೊಡಕ್ರೋಮ್ ಫಿಲ್ಮನ್ನು ಬಣ್ಣದಲ್ಲಿ ಸಂಸ್ಕರಿಸುತ್ತಿದ್ದ ಕೊನೆಯ ಲ್ಯಾಬು 2010ರ ಡಿಸೆಂಬರಿನ ತರುವಾಯ ಹೊಸ ಸುರುಳಿಗಳನ್ನು ಸ್ವೀಕರಿಸಲಿಲ್ಲವಾದರೂ, ಅದನ್ನು ಕಪ್ಪು ಬಿಳುಪಾಗಿ ಉಳಿಸಿಕೊಳ್ಳುವ ಸಂಭವ ಇದ್ದೇ ಇದೆ. 35 ಮಿಲಿಮೀಟರಿನ ಹಳೆಯ ಸುರುಳಿಯಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹೊತ್ತಿದ ಮೇಲೆ ನೀರಿಗೂ ಆರುವುದಿಲ್ಲ. ಅದು ಅಂಟಂಟಾಗಿಯೋ ಕಂದುಪುಡಿಯಾಗಿಯೋ ಕಂಡರೆ ಮನೆಯೊಳಗೆ ಇಟ್ಟುಕೊಳ್ಳದೆ ತಿಳಿದವರಿಗೆ ಒಪ್ಪಿಸತಕ್ಕದ್ದು. ವಿನೆಗರಿನ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮು ಕೊಳೆಯುತ್ತಿರುವ ಲಕ್ಷಣ. ಬೆಂಕಿಯ ಭಯವಿಲ್ಲ, ಆದರೆ ಅದರ ಹುಳಿ ಲೋಹವನ್ನು ತಿನ್ನುತ್ತದೆ.

ಆಮೇಲೆ ಯಂತ್ರ. ಕೀ ಕೊಡುವ ಕ್ಯಾಮೆರಾಕ್ಕೆ ಮೊದಲು ಎರಡೇ ಸುತ್ತು ಕೊಟ್ಟು ಓಟದ ಸದ್ದನ್ನು ಕೇಳಬೇಕು. ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿದ್ದರೆ ವೇಗನಿಯಂತ್ರಕ ಸರಿಯಾಗಿದೆಯೆಂದು ಅರ್ಥ. ಹಳೆಯ ಗ್ರೀಸು ದಶಕಗಳಲ್ಲಿ ಗಟ್ಟಿಯಾಗಿರುವಾಗ ಬಲಾತ್ಕಾರವಾಗಿ ತಿರುಗಿಸಿದವನು ಹಲ್ಲುಚಕ್ರವನ್ನು ಮುರಿದುಕೊಳ್ಳುತ್ತಾನೆ. ಸ್ಪ್ರಿಂಗಿನ ಡಬ್ಬಿಯನ್ನು ಮನೆಯಲ್ಲಿ ಬಿಚ್ಚುವುದು ಅಪಾಯ. ಬಿಗಿದಿಟ್ಟ ಉಕ್ಕಿನ ಪಟ್ಟಿ ಬೆರಳನ್ನು ಸೀಳಬಲ್ಲದು. ಒಳಗೆ ಇಡುವಾಗ ಸ್ಪ್ರಿಂಗನ್ನು ಪೂರ್ತಿ ಬಿಡಿಸಿಯೇ ಇಡಬೇಕು. ಮೋಟಾರಿನ ಕ್ಯಾಮೆರಾವಾದರೆ ಅದು ಎಷ್ಟು ವೋಲ್ಟಿನದೆಂಬುದನ್ನು ಅರಿಯದೆ ವಿದ್ಯುತ್ತನ್ನು ಹಾಯಿಸಬಾರದು. ಅಮೆರಿಕದ 110 ವೋಲ್ಟಿನ ಮೋಟಾರು ನಮ್ಮ ಗೋಡೆಯ ಪ್ಲಗ್ಗಿನಲ್ಲಿ ನಿಮಿಷಮಾತ್ರದಲ್ಲಿ ಸುಟ್ಟುಹೋಗುತ್ತದೆ. ಗೇಟಿನ ಹಳಿಗಳು ನುಣುಪಾಗಿರಬೇಕು. ಅಲ್ಲಿ ಸಣ್ಣ ಗೀರಿದ್ದರೂ ಅದು ಪ್ರತಿಯೊಂದು ಚಿತ್ರದಲ್ಲಿಯೂ ಉದ್ದನೆಯ ಗೆರೆಯಾಗಿ ಮೂಡುತ್ತದೆ.

ವಯಸ್ಸನ್ನು ತಿಳಿಯಲು ಕ್ರಮಸಂಖ್ಯೆಯೇ ಪ್ರಧಾನ ಸಾಧನ. ಕೊಡಕ್ ಕಂಪನಿಯ ಲೆನ್ಸುಗಳಲ್ಲಿ ಸಂಖ್ಯೆಗೆ ಮುಂಚೆ ಎರಡು ಇಂಗ್ಲಿಷ್ ಅಕ್ಷರಗಳಿರುವುದುಂಟು. ಸಿ, ಎ, ಎಂ, ಇ, ಆರ್, ಓ, ಎಸ್, ಐ, ಟಿ, ವೈ ಎಂಬ ಹತ್ತು ಅಕ್ಷರಗಳನ್ನು ಕ್ರಮವಾಗಿ ಒಂದರಿಂದ ಒಂಬತ್ತು ಮತ್ತು ಸೊನ್ನೆಯೆಂದು ಎಣಿಸಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. ‘ಇ ಓ’ ಎಂದಿದ್ದರೆ ಅದು 1946ರ ಲೆನ್ಸು. ಕ್ಯಾಮೆರಾ 1930ರ ದಶಕದ್ದಾಗಿದ್ದು ಲೆನ್ಸು ಮಾತ್ರ ಹತ್ತು ವರ್ಷ ಕಿರಿದಾಗಿದ್ದರೆ ಮೋಸವೆಂದು ಕೂಡಲೆ ಬಗೆಯಬೇಕಾಗಿಲ್ಲ. ದುಡಿಯುವ ಯಂತ್ರಕ್ಕೆ ಯಜಮಾನನು ಹೊಸ ಕಣ್ಣನ್ನು ಕೊಡಿಸಿರಬಹುದು.

ಇಂದಿನ ವ್ಯಾಪಾರದ ಕ್ರೌರ್ಯವೂ ಲೆನ್ಸಿನ ವಿಷಯದಲ್ಲಿಯೇ ಇದೆ. ಕುಕ್ ಸ್ಪೀಡ್ ಪ್ಯಾಂಕ್ರೋ, ಕೆರ್ನ್ ಸ್ವಿಟಾರ್ ಮೊದಲಾದ ಹಳೆಯ ಸಿನಿಮಾ ಲೆನ್ಸುಗಳ ಮೃದುವಾದ ಬಿಂಬವನ್ನು ಬಯಸುವ ಡಿಜಿಟಲ್ ಛಾಯಾಗ್ರಾಹಕರು ಅವಕ್ಕೆ ಭಾರಿ ಬೆಲೆಯನ್ನು ಕೊಡುತ್ತಿರುವುದರಿಂದ, ಕ್ಯಾಮೆರಾದಿಂದ ಲೆನ್ಸನ್ನು ಕಿತ್ತು ಬೇರೆಯಾಗಿ ಮಾರಿ, ಉಳಿದ ಒಡಲನ್ನು ಮೂಲೆಗೆ ಎಸೆಯುವುದು ಸಾಮಾನ್ಯವಾಗಿದೆ. ಲೆನ್ಸು, ಫಿಲ್ಮಿನ ಮ್ಯಾಗಜೀನುಗಳು, ಮೋಟಾರು, ಟ್ರೈಪಾಡು, ತೊಗಲಿನ ಪೆಟ್ಟಿಗೆ ಇವೆಲ್ಲ ಒಟ್ಟಿಗಿರುವ ಒಂದು ಸೆಟ್ಟು, ಒಡಲು ಮಾತ್ರ ಉಳಿದ ಹತ್ತು ಕ್ಯಾಮೆರಾಗಳಿಗಿಂತ ಶ್ರೇಷ್ಠ. ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲ ಲೆನ್ಸಿನ ಪರಮಶತ್ರು. ತೊಗಲಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಗಾಜಿನ ಮೇಲೆ ಬೂಷ್ಟು ಬಲೆ ನೇಯುತ್ತದೆ. ಪೆಟ್ಟಿಗೆಯನ್ನು ಬೇರೆಯಾಗಿ ಕಾಪಾಡಿ, ಲೆನ್ಸನ್ನು ಸಿಲಿಕಾ ಜೆಲ್ಲಿನೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದೇ ಸುಲಭವಾದ ಉಪಾಯ.

ಭಾರತದಲ್ಲಿ ದುಡಿದ ಕ್ಯಾಮೆರಾಗಳಿಗೆ ತಮ್ಮದೇ ಆದ ಗುರುತುಗಳುಂಟು. ಹೊರದೇಶದ ಯಂತ್ರವನ್ನು ತರಿಸುವುದು ದುಬಾರಿಯೂ ದುರ್ಲಭವೂ ಆಗಿದ್ದ ದಶಕಗಳಲ್ಲಿ, ಸವೆದ ಭಾಗವನ್ನು ಇಲ್ಲಿಯ ಮೆಕ್ಯಾನಿಕ್ಕುಗಳು ಲೇತಿನಲ್ಲಿ ಕಡೆದು ಕೂರಿಸುತ್ತಿದ್ದರು. ಕಾರ್ಖಾನೆಯ ತಿರುಪಿನ ಪಕ್ಕದಲ್ಲಿ ಊರಿನ ತಿರುಪು ಕಂಡರೆ ಹೀನಾಯವಾಗಿ ಎಣಿಸದೆ ಆ ಕೈಯ ಕೌಶಲವನ್ನು ಗೌರವಿಸಬೇಕು. ಮುಹೂರ್ತದ ದಿನ, ಆಯುಧಪೂಜೆಯ ದಿನ ಹಚ್ಚಿದ ಅರಿಶಿನ ಕುಂಕುಮ ಮುಚ್ಚಳದ ಸಂದಿಗಳಲ್ಲಿ ಉಳಿದಿರುವುದನ್ನು ಕೊಳೆಯೆಂದು ಸ್ಪಿರಿಟ್ಟಿನಿಂದ ತೊಳೆಯುವವರಿದ್ದಾರೆ. ಮ್ಯೂನಿಕ್ಕಿನಲ್ಲಿ ಹುಟ್ಟಿದ ಯಂತ್ರ ಮದರಾಸಿನಲ್ಲೋ ಬೆಂಗಳೂರಿನಲ್ಲೋ ಬಾಳಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಯಾವುದಿದೆಯೋ ನನಗೆ ತಿಳಿಯದು.

ಈ ಯಂತ್ರಗಳನ್ನು ಕ್ರಮಬದ್ಧವಾಗಿ ಕಲಿಸಿದ ಹೆಮ್ಮೆ ನಮ್ಮ ನಾಡಿಗೂ ಇದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಅಭ್ಯಸಿಸಿದ ಮೈಸೂರಿನ ವಿ. ಕೆ. ಮೂರ್ತಿಯವರು ಗುರುದತ್ತರ 1959ರ ‘ಕಾಗಜ್ ಕೇ ಫೂಲ್’ ಮೂಲಕ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವನ್ನು ತೆಗೆದು, ಫಾಲ್ಕೆ ಪ್ರಶಸ್ತಿಯನ್ನು ಪಡೆದ ಪ್ರಥಮ ಛಾಯಾಗ್ರಾಹಕರಾದರು. ಅವರ ಸಹಾಯಕರಾಗಿ ದುಡಿದ ಗೋವಿಂದ ನಿಹಲಾನಿಯವರೂ ಅದೇ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿ. ಚಿತ್ರಗಳನ್ನು ಕಾಪಾಡಲು ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರವಿದೆ. ಮುಂಬಯಿಯಲ್ಲಿ 2019ರಿಂದ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಇದೆ. ಆದರೆ ಊರೂರುಗಳಲ್ಲಿ ಚದುರಿರುವ ಯಂತ್ರಗಳನ್ನೆಲ್ಲ ಸರ್ಕಾರದ ಎರಡು ಮೂರು ಕಟ್ಟಡಗಳು ಹಿಡಿದಿಡಲಾರವು.

ಖಾಸಗಿ ಸಂಗ್ರಾಹಕನೊಬ್ಬನು ಎಷ್ಟು ಮಾಡಬಹುದೆಂಬುದಕ್ಕೆ ಲಂಡನ್ನಿನ ವಿಲ್ ಡೇ ಉದಾಹರಣೆ. ಚಿತ್ರೋದ್ಯಮ ಇನ್ನೂ ಬಾಲ್ಯದಲ್ಲಿದ್ದಾಗಲೇ, ಹಳತನ್ನು ಯಾರೂ ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ, ಆತನು ಹಳೆಯ ಕ್ಯಾಮೆರಾ ಪ್ರೊಜೆಕ್ಟರುಗಳನ್ನು ಕೂಡಿಹಾಕಿ 1922ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿಗೆ ಎರವಲಾಗಿ ಕೊಟ್ಟನು. ಇಂಗ್ಲೆಂಡು ಅದನ್ನು ಕೊಂಡುಕೊಳ್ಳಲಿಲ್ಲ. 1959ರಲ್ಲಿ ಆ ಸಂಗ್ರಹವು ಸಮುದ್ರವನ್ನು ದಾಟಿ ಪ್ಯಾರಿಸಿನ ಸಿನಿಮಾತೆಕ್ ಸಂಸ್ಥೆಯ ಪಾಲಾಯಿತು.

ಆದುದರಿಂದ ಒಂದೇ ಒಂದು ಕ್ಯಾಮೆರಾ ಉಳ್ಳವನೂ ಅದರ ಜೊತೆಗೆ ಒಂದು ಪುಸ್ತಕವನ್ನು ಇಡುವುದು ಒಳ್ಳೆಯದು. ಯಂತ್ರದ ಕ್ರಮಸಂಖ್ಯೆ, ಯಾರಿಂದ ಕೊಂಡದ್ದು, ಅವರಿಗೆ ಯಾರಿಂದ ಬಂದದ್ದು, ಯಾವ ಯಾವ ಚಿತ್ರಗಳಲ್ಲಿ ದುಡಿದದ್ದು, ತಾನು ಯಾವ ಭಾಗವನ್ನು ಬದಲಿಸಿದೆ, ತೆಗೆದ ಹಳೆಯ ಭಾಗ ಎಲ್ಲಿದೆ ಎಂಬುದನ್ನು ಅದರಲ್ಲಿ ಬರೆಯಬೇಕು. ಆ ಯಂತ್ರವನ್ನು ಹೊತ್ತು ನಡೆದ ಹಿರಿಯ ಅಸಿಸ್ಟೆಂಟುಗಳು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ವರ್ಷಕ್ಕೊಮ್ಮೆ ಅದರಲ್ಲಿ ಫಿಲ್ಮನ್ನೂ ಓಡಿಸಬಹುದು. 16 ಮತ್ತು 35 ಮಿಲಿಮೀಟರ್ ಫಿಲ್ಮುಗಳು ಇಂದಿಗೂ ತಯಾರಾಗುತ್ತಿವೆ. ಸಂಸ್ಕರಿಸುವ ಲ್ಯಾಬುಗಳು ನಮ್ಮಲ್ಲಿ ತೀರ ವಿರಳವಾದರೂ, ಕಪ್ಪು ಬಿಳುಪಿನ ಸುರುಳಿಯನ್ನು ತಾಳ್ಮೆಯುಳ್ಳವನು ಮನೆಯ ಕತ್ತಲಕೋಣೆಯಲ್ಲಿಯೇ ತೊಳೆದುಕೊಳ್ಳಬಲ್ಲನು. 16 ಮಿಲಿಮೀಟರಿನ 100 ಅಡಿ ಎರಡೂಮುಕ್ಕಾಲು ನಿಮಿಷ ಓಡುತ್ತದೆ. ಮೊದಲ ಸುರುಳಿಯನ್ನು ಮೊಮ್ಮಗುವಿನ ಮೇಲೆ ವ್ಯಯಿಸದೆ, ನೇರವಾದ ಗೋಡೆಯೊಂದರ ಇಟ್ಟಿಗೆಸಾಲಿನ ಮೇಲೆ ವ್ಯಯಿಸುವುದು ಜಾಣತನ, ಏಕೆಂದರೆ ಗೇಟು ಅಲುಗುತ್ತಿದ್ದರೆ ಇಟ್ಟಿಗೆಯ ಗೆರೆಗಳು ಕೂಡಲೆ ಅದನ್ನು ಹೇಳುತ್ತವೆ.